ಹೈಟೆನ್ಷನ್ ಲೈನಿನ ಸಮೀಪ ರೇಡಿಯೊದಲ್ಲಿ ಉಲ್ಕೆಗಳನ್ನು ಆಲಿಸುವುದು ಹೇಗೆ?

ಉಲ್ಕೆಗಳನ್ನು ರೇಡಿಯೊದಲ್ಲಿ ಆಲಿಸಲು ಮೋಡವಾಗಲಿ, ಬೆಳದಿಂಗಳಾಗಲಿ, ಹಗಲಾಗಲಿ ಅಡ್ಡಿಯಲ್ಲ. ಸುಮಾರು 80ರಿಂದ 110 ಕಿ.ಮೀ. ಎತ್ತರದಲ್ಲಿ ಉಲ್ಕೆ ಉರಿದುಹೋಗುವಾಗ ಅದರ ಹಾದಿ ಅಯಾನೀಕರಣಗೊಂಡು (ಅಲ್ಲಿನ ಗಾಳಿಯ ಕಣಗಳು ವಿದ್ಯುದಾವೇಶ ಪಡೆದು) ಕ್ಷಣಕಾಲ ರೇಡಿಯೊ ಅಲೆಗಳನ್ನು ಪ್ರತಿಫಲಿಸುತ್ತದೆ. ಆಗ ದಿಗಂತದಾಚೆಯ ನಿಲಯವೊಂದರ ಹಾಡಿನ ತುಣುಕು ಥಟ್ಟನೆ ಕೇಳಿಸಿ ಅಡಗುತ್ತದೆ. ಯುರೋಪಿನ ಹವ್ಯಾಸಿಗಳಿಗೆ ಉಪಗ್ರಹಗಳ ಮೇಲೆ ಕಣ್ಣಿಡುವ ಫ್ರಾನ್ಸಿನ ಗ್ರಾವ್ಸ್ ರೇಡಾರ್ 143.05 ಮೆಗಾಹರ್ಟ್ಸ್‌ನಲ್ಲಿ ಈ ಕೆಲಸಕ್ಕೆ ಒದಗುತ್ತದೆ. ಅದು ಕರ್ನಾಟಕಕ್ಕೆ ಎಟುಕದು. ಆದ್ದರಿಂದ ಇಲ್ಲಿ 500ರಿಂದ 1,500 ಕಿ.ಮೀ. ದೂರದ ಎಫ್‌ಎಂ ನಿಲಯಗಳನ್ನೇ ನೆಚ್ಚಬೇಕು.

ಮೊದಲು ಜಾಗ. ಆಂಟೆನಾದ ಕಂಬ ಯಾವ ಕಡೆಗೆ ಉರುಳಿದರೂ ವಿದ್ಯುತ್ ತಂತಿಗೆ ತಾಗುವಂತಿರಬಾರದು. ಈ ನಿಯಮ ಮನೆಗೆ ಬರುವ ಸರ್ವಿಸ್ ವೈರಿಗೂ ಅನ್ವಯಿಸುತ್ತದೆ, ಇದರಲ್ಲಿ ರಿಯಾಯಿತಿ ಬೇಡ.

ಎರಡನೆಯದು ಅರ್ಥಿಂಗ್. 220 ಅಥವಾ 400 ಕಿಲೋವೋಲ್ಟ್ ಮಾರ್ಗದ ಕೆಳಗೆ ಕಲ್ಲುಕಂಬಗಳಿಗೆ ಬಿಗಿದ ಬೇಲಿ ತಂತಿಯನ್ನು ಮುಟ್ಟಿದರೆ ಕೈ ಜುಮ್ಮೆನ್ನುವುದುಂಟು. ಇದನ್ನು ಸ್ಥಾಯೀ ವಿದ್ಯುತ್ತೆಂದು ಕರೆಯುವವರಿದ್ದಾರೆ. ವಾಸ್ತವದಲ್ಲಿ ಮೇಲಿನ ತಂತಿಯ ವಿದ್ಯುತ್ ಕ್ಷೇತ್ರ ಸೆಕೆಂಡಿಗೆ 50 ಆವರ್ತಗಳಂತೆ ದಿಕ್ಕು ಬದಲಿಸುತ್ತ, ಮುಟ್ಟದೆಯೇ ಬೇಲಿಯಲ್ಲಿ ವೋಲ್ಟೇಜನ್ನು ಪ್ರೇರಿಸುತ್ತದೆ. ನೆಲಕ್ಕೆ ಸಂಪರ್ಕವಿಲ್ಲದ ಆಂಟೆನಾ, ತಗಡಿನ ಸೂರುಗಳಿಗೂ ಇದೇ ಗತಿ. ಹಾಗಾಗಿ ಕಂಬವನ್ನೂ ಆಂಟೆನಾದಿಂದ ರಿಸೀವರಿಗೆ ಬರುವ ಕೋಆಕ್ಸಿಯಲ್ ಕೇಬಲಿನ ಹೊರಕವಚವನ್ನೂ ದಪ್ಪ ತಾಮ್ರದ ತಂತಿಯಿಂದ ಅರ್ಥ್ ಸಲಾಕೆಗೆ ಜೋಡಿಸಿ. ಗುಡುಗು ಕೇಳುವ ಮೊದಲೇ, ಮೋಡ ಕಟ್ಟುತ್ತಿದ್ದಂತೆ ಕೇಬಲನ್ನು ರಿಸೀವರಿನಿಂದ ಕಳಚಿಡಿ.

ಬಳಿಕ ಸ್ಥಳೀಯ ನಿಲಯವಿಲ್ಲದ, ದೂರದಲ್ಲಿ ಪ್ರಬಲ ನಿಲಯವಿರುವ ಕಂಪನಾಂಕವೊಂದನ್ನು ಆರಿಸಿ, ಯಾಗಿ ಆಂಟೆನಾವನ್ನು (ಒಂದೇ ದಿಕ್ಕಿನ ಸಂಕೇತವನ್ನು ಹೆಚ್ಚು ಹಿಡಿಯುವ, ಅಡ್ಡಕಡ್ಡಿಗಳ ಆಂಟೆನಾ) ಆ ದಿಕ್ಕಿಗೆ ತಿರುಗಿಸಿ. ಕಂಪ್ಯೂಟರಿಗೆ ಜೋಡಿಸುವ ಎಸ್‌ಡಿಆರ್ ಡಾಂಗಲ್ (ತಂತ್ರಾಂಶದಿಂದ ನಡೆಯುವ ಪುಟ್ಟ ರಿಸೀವರ್) ಇದ್ದರೆ ಸಂಕೇತವನ್ನು ಕಣ್ಣಾರೆ ಕಾಣಬಹುದು. ಉಲ್ಕೆಯ ಪ್ರತಿಧ್ವನಿ ಆ ನಿಲಯದ ಪಟ್ಟಿಯಲ್ಲಷ್ಟೇ ಮಿಂಚುತ್ತದೆ. ವಿದ್ಯುತ್ ಮಾರ್ಗದ ಗದ್ದಲವೋ ಅಕ್ಕಪಕ್ಕದ ಕಂಪನಾಂಕಗಳಿಗೂ ಹರಡಿ, ಸೆಕೆಂಡಿಗೆ 100 ಬಡಿತಗಳ ಗರಗರ ಸದ್ದಾಗಿ ಬಿಡದೆ ಸಾಗುತ್ತದೆ.

ಈ ಗದ್ದಲದ ಮೂಲ ಹುಡುಕುವಾಗ ಹಲವರು ದೊಡ್ಡ ಟವರನ್ನೇ ದೂರುತ್ತಾರೆ. ಮಂಜು, ತುಂತುರಿನಲ್ಲಿ ಅಲ್ಲಿಂದ ಕೇಳುವ ಚರಚರ ಕೊರೋನಾ ವಿಸರ್ಜನೆಯದು, ಅಂದರೆ ತಂತಿಯ ಸುತ್ತಲಿನ ಗಾಳಿಗೆ ವಿದ್ಯುತ್ ಸೋರುವುದರದು. ಅದು ಹೆಚ್ಚಾಗಿ ಕಾಡುವುದು ಮೀಡಿಯಂ ವೇವನ್ನು. ಎಫ್‌ಎಂ ಪಟ್ಟಿಯವರೆಗೂ ಏರುವ ಗದ್ದಲದ ಮೂಲ ಸಡಿಲಗೊಂಡ ನಟ್ಟು, ಸೀಳಿದ ಇನ್ಸುಲೇಟರುಗಳಲ್ಲಿ ಹಾರುವ ಕಿಡಿ. ಅನೇಕ ಸಲ ಅದು ಮನೆಯ ಹಿಂದಿನ 11 ಕಿಲೋವೋಲ್ಟ್ ಕಂಬದಲ್ಲೇ ಇರುತ್ತದೆ. ಒಣಹವೆಯಲ್ಲಿ ಜೋರಾಗಿದ್ದು ಮಳೆ ಬಿದ್ದೊಡನೆ ತಗ್ಗಿದರೆ ಈ ಅನುಮಾನ ಬಲವಾಗುತ್ತದೆ. ಕೈ ರೇಡಿಯೊವನ್ನು ಎಎಂ ವಿಧಾನದಲ್ಲಿಟ್ಟು ರಸ್ತೆಯಗುಂಟ ನಡೆಯಿರಿ. ಸದ್ದು ಗರಿಷ್ಠವಾಗುವ ಕಂಬದ ಸಂಖ್ಯೆಯನ್ನು ಬರೆದುಕೊಂಡು ವಿದ್ಯುತ್ ಸಹಾಯವಾಣಿ 1912ಕ್ಕೆ ದೂರು ಕೊಡಿ. ಕಂಬವನ್ನು ಮುಟ್ಟುವುದು, ತಟ್ಟಿ ನೋಡುವುದು ಖಂಡಿತ ಕೂಡದು.

ಮಧ್ಯರಾತ್ರಿಯಿಂದ ಬೆಳಗಿನವರೆಗೆ, ಅದರಲ್ಲೂ ಡಿಸೆಂಬರ್ 13-14ರ ಜೆಮಿನಿಡ್ ಉಲ್ಕಾಪಾತದಂದು, ಪ್ರತಿ ಗಂಟೆಯ ಪ್ರತಿಧ್ವನಿಗಳ ಎಣಿಕೆ ದಾಖಲಿಸಿ. ಗದ್ದಲವಿದ್ದ ಗಂಟೆಗೆ ಸೊನ್ನೆ ಬರೆಯದೆ, ‘ವೀಕ್ಷಣೆ ಇಲ್ಲ’ ಎಂದೇ ನಮೂದಿಸಿ.