ಇಂಜಿನ್ ಮುಟ್ಟದೆ ಪೋಡಿಯಂ ಹತ್ತಿದ ಲೆಕ್ಕ: ನನ್ನ ಅನುಭವ

ಕಳೆದ ಸೀಸನ್‌ನಲ್ಲಿ ಮೋಟೋಕ್ರಾಸ್ (ಮಣ್ಣಿನ ಗುಡ್ಡೆಗಳ ಟ್ರ್ಯಾಕ್ ಮೇಲಿನ ಬೈಕ್ ರೇಸ್) ಇಂಡಿಯನ್ ಗಾಡಿಗಳ ಕ್ಲಾಸ್‌ನ ಪಾಯಿಂಟ್ಸ್ ಪಟ್ಟಿಯಲ್ಲಿ ನನಗೆ ಎರಡನೇ ಸ್ಥಾನ ಬಂತು. ಗಾಡಿ ಸೆಕೆಂಡ್ ಹ್ಯಾಂಡ್ ಹೀರೋ ಎಕ್ಸ್‌ಪಲ್ಸ್ 200 4ವಿ. ಇಂಜಿನ್ ಒಳಗೆ ಎಲ್ಲ ಬಂದ ಹಾಗೇ: ಕಂಪನಿ ಪಿಸ್ಟನ್, ಕಂಪನಿ ಕ್ಯಾಮ್, ಕಂಪನಿ ಹೆಡ್. ಟೀಮ್‌ಗಳು ಗಾಡಿ ನಿಲ್ಲಿಸುವ ಪ್ಯಾಡಾಕ್‌ನಲ್ಲಿ ಅರ್ಧ ಜನ ಇದನ್ನು ಈಗಲೂ ನಂಬುವುದಿಲ್ಲ. ಒಂದು ರೌಂಡ್ ಆದ ಮೇಲೆ ಗಾಡಿ ತಪಾಸಣೆ ಮಾಡುವ ಸ್ಕ್ರುಟಿನಿಯವರು ಹೆಡ್ ಬಿಚ್ಚಿಸಿ ಅಳತೆ ತೆಗೆದರು. ಎಲ್ಲ ಸ್ಟಾಕ್. ಅವತ್ತಿನಿಂದ ಫೋನ್ ಮಾಡಿ ಕೇಳುವವರು ಜಾಸ್ತಿಯಾದರು, ಅದಕ್ಕೇ ಬರೆಯುತ್ತಿದ್ದೇನೆ: ಇಂಜಿನ್ ಬಿಟ್ಟು ಸಸ್ಪೆನ್ಷನ್ (ಮುಂದಿನ ಫೋರ್ಕ್, ಹಿಂದಿನ ಶಾಕ್) ಹಿಂದೆ ಬಿದ್ದ ಕಥೆ.

ಶುರುವಿನಲ್ಲಿ ನನ್ನ ಮಾತನ್ನು ಒಪ್ಪಿದವರು ಯಾರೂ ಇಲ್ಲ. ನಮ್ಮ ಅರಸೀಕೆರೆಯಲ್ಲಿ ಆರ್‌ಎಕ್ಸ್ 100 ಕಾಲದಿಂದ ರೇಸ್ ಗಾಡಿ ಕಟ್ಟುತ್ತಾ ಬಂದಿರುವ ಗ್ಯಾರೇಜ್ ಅಣ್ಣ ಒಬ್ಬರಿದ್ದಾರೆ. ನನಗೆ ಸ್ಪ್ಯಾನರ್ ಹಿಡಿಯೋಕೆ ಕಲಿಸಿದವರೇ ಅವರು. "ಲೋ ತಮ್ಮಾ, ಹತ್ತೊಂಬತ್ತು ಎಚ್‌ಪಿ ಗಾಡಿ ಇದು. ಇಂಜಿನ್‌ಗೆ ಕೈ ಹಾಕದೆ ಡಬಲ್ ಗುಡ್ಡೆ ಹೆಂಗೋ ಹಾರಿಸ್ತೀಯಾ?" ಅಂದರು. "ಅಣ್ಣಾ, ಹಾರೋಕೆ ಪವರ್ ಇದೆ. ಇಳಿದ ಮೇಲೆ ಆಕ್ಸಿಲರೇಟರ್ ಬಿಡದೇ ಇರೋಕೆ ಏನು ಬೇಕೋ ಅದಕ್ಕೆ ದುಡ್ಡು ಹಾಕ್ತೀನಿ" ಅಂದೆ. ಅವರು ತಲೆ ಅಲ್ಲಾಡಿಸಿ ಒಳಗೆ ಹೋದರು.

ಅವರ ಅನುಮಾನಕ್ಕೆ ಕಾರಣ ಇತ್ತು. ಅದಕ್ಕೂ ಹಿಂದೆ ಎರಡು ಮೂರು ಸೀಸನ್ ನಾನೂ ಎಲ್ಲರ ಹಾಗೆ ಇಂಜಿನ್ ಹಿಂದೆಯೇ ಬಿದ್ದಿದ್ದೆ. ಬೋರ್ ದೊಡ್ಡದು ಮಾಡಿಸಿದ್ದು, ಹೆಡ್ ಪೋರ್ಟಿಂಗ್, ಕ್ಯಾಮ್ ವೆಲ್ಡಿಂಗ್ ಮಾಡಿಸಿ ಗ್ರೈಂಡ್ ಮಾಡಿಸಿದ್ದು, ಎಲ್ಲಾ ಆಗಿದೆ. ಬೆಂಗಳೂರಿನ ಒಂದು ಲೇತ್ ಅಂಗಡಿಯಲ್ಲಿ ಕೂರಿಸಿಕೊಟ್ಟ ಸ್ಲೀವ್ (ಪಿಸ್ಟನ್ ಓಡುವ ಕೊಳವೆ) ಎರಡನೇ ರೌಂಡ್‌ನಲ್ಲೇ ಸೀಜ್ ಆಯಿತು. ಮತ್ತೆ ಮಾಡಿಸಿದೆ. ಚಿಕ್ಕಮಗಳೂರಿನ ಒಂದು ಓಪನ್ ರೇಸ್‌ನಲ್ಲಿ ಮುಂದೆ ಇದ್ದಾಗಲೇ ಕ್ಲಚ್ ಸುಟ್ಟಿತು. ಒಂದು ಸೀಸನ್‌ಗೆ ಇಂಜಿನ್ ಖರ್ಚೇ ಒಂದು ಲಕ್ಷ ದಾಟಿತ್ತು. ಬಂದ ಬಹುಮಾನ ಎಲ್ಲಾ ಸೇರಿ ಮೂವತ್ತು ಸಾವಿರವೂ ಇಲ್ಲ. ಪವರ್ ಬಂದಿತ್ತು, ಸುಳ್ಳಲ್ಲ. ಆದರೆ ಲ್ಯಾಪ್ ಟೈಮ್ ಒಂದು ಸೆಕೆಂಡ್ ಕೂಡ ಇಳಿಯಲಿಲ್ಲ. ನೇರದಲ್ಲಿ ಗಳಿಸಿದ್ದನ್ನೆಲ್ಲ ಸಾಲು ಸಾಲು ಸಣ್ಣ ಗುಡ್ಡೆಗಳ ವೂಪ್ಸ್‌ನಲ್ಲಿ ಕಳೆದುಕೊಳ್ಳುತ್ತಿದ್ದೆ.

ನನ್ನ ಲೆಕ್ಕ ಬದಲಾದದ್ದು 2024ರಲ್ಲಿ. ಪುಣೆಯಲ್ಲಿ ಶುರುವಾದ, ಕಟ್ಟಿದ ಮಣ್ಣಿನ ಟ್ರ್ಯಾಕ್ ಮೇಲೆ ನಡೆಯುವ ಸೂಪರ್‌ಕ್ರಾಸ್ ಲೀಗ್‌ನ ಕೊನೆಯ ಸುತ್ತು ಫೆಬ್ರವರಿಯಲ್ಲಿ ಬೆಂಗಳೂರಿಗೆ ಬಂತಲ್ವಾ, ಅಲ್ಲಿ ವೂಪ್ಸ್ ಪಕ್ಕದಲ್ಲೇ ನಿಂತಿದ್ದೆ. 450 ಸಿ.ಸಿ. ಗಾಡಿಗಳ ಶಬ್ದಕ್ಕೆ ಎದೆ ನಡುಗುತ್ತಿತ್ತು. ನಾನು ನೋಡುತ್ತಾ ಇದ್ದದ್ದು ಮಾತ್ರ ವಿದೇಶಿ ರೈಡರ್‌ಗಳ ಹೆಲ್ಮೆಟ್. ಚಕ್ರಗಳು ಕೆಳಗೆ ಹುಚ್ಚು ಹಿಡಿದ ಹಾಗೆ ಕುಣಿಯುತ್ತಿದ್ದರೂ ಹೆಲ್ಮೆಟ್ ಒಂದೇ ಮಟ್ಟದಲ್ಲಿ ಹೋಗುತ್ತಿತ್ತು. ನನ್ನ ವಿಡಿಯೋಗಳಲ್ಲಿ ಹೆಲ್ಮೆಟ್ ಒಂದು ಅಡಿ ಮೇಲೆ ಕೆಳಗೆ ಹೋಗುತ್ತೆ. ನನ್ನ ತೊಂದರೆ ಇಂಜಿನ್ ಅಲ್ಲ, ಸಸ್ಪೆನ್ಷನ್ ಅಂತ ಹೊಳೆಯಿತು. ಮನೆಗೆ ಬಂದು ಹಳೆ ಗಾಡಿ ಮಾರಿದೆ.

ಎಕ್ಸ್‌ಪಲ್ಸ್ ಎಪ್ಪತ್ತು ಸಾವಿರಕ್ಕೆ ಸಿಕ್ಕಿತು, ಸ್ವಲ್ಪ ಬಿದ್ದೆದ್ದ ಗಾಡಿ. ರ‍್ಯಾಲಿ ಕಿಟ್ (ಕಂಪನಿಯದೇ ಉದ್ದ ಟ್ರಾವೆಲ್‌ನ ಫೋರ್ಕ್, ಶಾಕ್ ಇರುವ ಸೆಟ್) ಹೊಸದಾಗಿ ಬಂದಾಗ ಮೂವತ್ತೆಂಟು ಸಾವಿರದ ಹತ್ತಿರ ಇತ್ತು, ನನಗೆ ಬಳಸಿದ್ದು ಇಪ್ಪತ್ತೈದಕ್ಕೆ ಬಂತು. ಮುಂದೆ 250 ಮಿ.ಮೀ., ಹಿಂದೆ 220 ಮಿ.ಮೀ. ಟ್ರಾವೆಲ್, ಅಂದರೆ ಸಸ್ಪೆನ್ಷನ್ ಕುಗ್ಗುವ ದೂರ. ನಿಜವಾದ ಮೋಟೋಕ್ರಾಸ್ ಗಾಡಿಯಲ್ಲಿ 300ರ ಸುತ್ತಮುತ್ತ ಇರುತ್ತೆ, ತೂಕವೂ ನಮ್ಮದಕ್ಕಿಂತ ನಲವತ್ತು ಐವತ್ತು ಕೆ.ಜಿ. ಕಡಿಮೆ. ಹಾಗಾಗಿ ಮೊದಲ ಕೆಲಸ ತೂಕ ಇಳಿಸೋದು. ಲೈಟ್, ಗ್ರ್ಯಾಬ್ ರೈಲ್, ಹಿಂದಿನ ಫುಟ್‌ರೆಸ್ಟ್, ಸ್ಟ್ಯಾಂಡ್‌ಗಳು, ಬೇಡದ ಬ್ರಾಕೆಟ್‌ಗಳು ಎಲ್ಲಾ ಹೊರಗೆ. ಗಾಡಿಯನ್ನು ಕೊಬ್ಬರಿ ಮಂಡಿಯ ತಕ್ಕಡಿ ಮೇಲೆ ನಿಲ್ಲಿಸಿ ತೂಗಿದೆ. ಮಂಡಿಯವರು ಮೊದಲು ನಕ್ಕರು, ಆಮೇಲೆ ಅವರೇ ಚೀಟಿಯಲ್ಲಿ ಬರೆದುಕೊಟ್ಟರು. ಹದಿನೈದು ಕೆ.ಜಿ. ಮೇಲೆ ಇಳಿದಿತ್ತು. ಮುಂದಿನ ಚಕ್ರ, ಹಿಂದಿನ ಚಕ್ರ ಬೇರೆ ಬೇರೆ ತೂಗೋದು ಮುಖ್ಯ. ಸ್ಪ್ರಿಂಗ್ ಆರಿಸೋವಾಗ ಆ ಎರಡು ಅಂಕಿ ಬೇಕೇ ಬೇಕು.

ಸ್ಯಾಗ್, ಅಂದರೆ ರೈಡರ್ ಕೂತಾಗ ಸಸ್ಪೆನ್ಷನ್ ಕುಗ್ಗುವ ಅಳತೆ, ಅದರ ಬಗ್ಗೆ ಹೆಚ್ಚು ಹೇಳೋದಿಲ್ಲ. ನಾನು ನಿಂತದ್ದು ಹಿಂದೆ 70 ಮಿ.ಮೀ. ಆಸುಪಾಸಿನಲ್ಲಿ, ಪೂರ್ತಿ ಗೇರ್ ಹಾಕಿಕೊಂಡು ಕೂತಾಗ. ತಲೆ ಕೆಡಿಸಿದ್ದು ಫೋರ್ಕ್. ಲ್ಯಾಂಡಿಂಗ್‌ನಲ್ಲಿ ಬಾಟಮ್ ಆಗುತ್ತಿತ್ತು (ಪೂರ್ತಿ ಕುಗ್ಗಿ ತಳಕ್ಕೆ ಬಡಿಯುತ್ತಿತ್ತು) ಅಂತ ದಪ್ಪ ಆಯಿಲ್ ಹಾಕಿ ನೋಡಿದೆ. ಬಾಟಮ್ ನಿಂತಿತು, ಆದರೆ ತಿರುವಿಗೆ ಮುಂಚೆ ಬರುವ ಬ್ರೇಕಿಂಗ್ ಬಂಪ್ಸ್‌ನಲ್ಲಿ ಕಲ್ಲಿನ ಹಾಗೆ ಆಯಿತು. ಮೂರು ಲ್ಯಾಪ್‌ಗೆ ಮುಂಗೈ ಬಿಗಿದುಕೊಂಡು ಕ್ಲಚ್ ಬೆರಳು ಮಡಚೋಕೆ ಆಗುತ್ತಿರಲಿಲ್ಲ. ಮತ್ತೆ ತೆಳು ಆಯಿಲ್‌ಗೆ ಬಂದೆ. ಆಯಿಲ್ ಗಟ್ಟಿ ಮಾಡೋ ಬದಲು ಮಟ್ಟ ಏರಿಸಿದೆ, ಒಂದೊಂದು ಸಲ ಹತ್ತು ಮಿ.ಲೀ. ಒಳಗಿನ ಗಾಳಿ ಜಾಗ ಕಡಿಮೆಯಾದಷ್ಟೂ ಹೆಚ್ಚಾಗಿ ಕೊನೆಯ ಎರಡು ಇಂಚಿನಲ್ಲಿ ಫೋರ್ಕ್ ಗಟ್ಟಿಯಾಗುತ್ತೆ. ಮೇಲಿನ ಟ್ರಾವೆಲ್ ಮೆತ್ತಗೇ ಉಳಿಯುತ್ತೆ. ಫೋರ್ಕ್ ಟ್ಯೂಬ್‌ಗೆ ಒಂದು ಸಣ್ಣ ಪ್ಲಾಸ್ಟಿಕ್ ಟೈ ಕಟ್ಟಿ ಎಲ್ಲಿಯವರೆಗೆ ಹೋಯಿತು ಅಂತ ಪ್ರತಿ ಸೆಷನ್ ನೋಡಿದೆ. ದೊಡ್ಡ ಜಂಪ್‌ನಲ್ಲಿ ತಳಕ್ಕಿಂತ ಒಂದು ಸೆಂಟಿಮೀಟರ್ ಮೇಲೆ ನಿಂತರೆ ಅದೇ ಸರಿ. ಆ ಟೈಗೆ ನಾಲ್ಕಾಣೆ ಬೆಲೆಯಿಲ್ಲ, ಸಾವಿರಾರು ರೂಪಾಯಿಯ ಕೆಲಸ ಮಾಡುತ್ತೆ.

ಹಿಂದಿನ ಶಾಕ್ ರೀಬೌಂಡ್, ಅಂದರೆ ಕುಗ್ಗಿದ್ದು ವಾಪಸ್ ಬರುವ ವೇಗ, ಇನ್ನೂ ಕಾಡಿತು. ಬೇಗ ಬಿಟ್ಟರೆ ವೂಪ್ಸ್‌ನಲ್ಲಿ ಸೀಟ್ ಬಂದು ಹಿಂದೆ ಒದೆಯುತ್ತೆ. ನಿಧಾನ ಮಾಡಿದರೆ ನಾಲ್ಕನೇ ಗುಡ್ಡೆಗೆ ಶಾಕ್ ಕುಗ್ಗಿಯೇ ಉಳಿದು, ಐದನೆಯದಕ್ಕೆ ಟ್ರಾವೆಲ್ಲೇ ಇರುವುದಿಲ್ಲ. ಒಂದೊಂದೇ ಕ್ಲಿಕ್ ತಿರುಗಿಸಿ, ಪುಸ್ತಕದಲ್ಲಿ ಬರೆದು, ಮತ್ತೆ ಓಡಿಸಿ, ಸುಮಾರು ಎರಡು ತಿಂಗಳು ಹೋಯಿತು. ಆಮೇಲೆ ಒಳಗಿನ ಶಿಮ್ (ಆಯಿಲ್ ಹರಿವು ತಡೆಯುವ ತೆಳು ಬಿಲ್ಲೆ) ಜೋಡಣೆ ಬದಲಾಯಿಸಿದೆ. ಆ ಜೋಡಣೆಯ ಅಳತೆ ಇಲ್ಲಿ ಬರೆಯೋದಿಲ್ಲ. ಮುಂದಿನ ಸೀಸನ್‌ನಲ್ಲಿ ನಿಮ್ಮ ಜೊತೆಯೇ ಸ್ಟಾರ್ಟ್ ಗೇಟ್‌ನಲ್ಲಿ ನಿಲ್ಲಬೇಕಲ್ಲ! ಗೇಟ್ ಬೀಳುವಾಗ ನಾನು ಎಡಗಾಲು ಎಲ್ಲಿ ಇಡುತ್ತೇನೆ ಅನ್ನೋದೂ ಅಷ್ಟೇ, ಕೇಳಬೇಡಿ. ಡ್ರೈವ್‌ನಲ್ಲಿ ಮಾಡಿದ ಬದಲಾವಣೆ ಅಂದರೆ ಹಿಂದಿನ ಸ್ಪ್ರಾಕೆಟ್‌ಗೆ ನಾಲ್ಕು ಹಲ್ಲು ಜಾಸ್ತಿ, ಅಷ್ಟೇ.

ಟ್ರ್ಯಾಕ್ ವಿಷಯಕ್ಕೆ ಬರುತ್ತೇನೆ. ಕೋಲಾರದ ಹತ್ತಿರದ ಬಿಗ್ ರಾಕ್ ಡರ್ಟ್ ಪಾರ್ಕ್‌ಗೆ ಹೋಗಿ ಓಡಿಸಿದ್ದೇನೆ, ಒಳ್ಳೆ ಜಾಗ. ಆದರೆ ನಮ್ಮೂರಿಂದ ಪಿಕಪ್ ಬಾಡಿಗೆ, ಡೀಸೆಲ್, ಉಳಿಯೋದು ಅಂತ ವಾರ ವಾರ ಆಗೋ ಮಾತಲ್ಲ. ಮಾವನ ತೋಟದ ಪಕ್ಕ ಎರಡು ಎಕರೆ ಬೀಳು ಇತ್ತು. ಜೆಸಿಬಿ ಗಂಟೆಗೆ ಸಾವಿರದ ಇನ್ನೂರು ಮುನ್ನೂರು, ಇಪ್ಪತ್ತು ಗಂಟೆಯ ಮೇಲೆ ಆಯಿತು. ಎರಡು ಟೇಬಲ್ ಟಾಪ್ (ಮೇಲೆ ಚಪ್ಪಟೆ ಇರುವ ಗುಡ್ಡೆ), ಒಂದು ಡಬಲ್, ವೂಪ್ಸ್ ಸಾಲು, ಮೂರು ಬರ್ಮ್ (ತಿರುವಿನ ಓರೆ ದಂಡೆ). ಬೇಸಿಗೆ ಬಂತು, ಕೆಂಪು ಮಣ್ಣು ಸಿಮೆಂಟ್ ಆಯಿತು. ಟ್ಯಾಂಕರ್ ನೀರು ಬಿಟ್ಟರೆ ಮೇಲೆ ಕೆಸರು, ಕೆಳಗೆ ಗಟ್ಟಿ. ಮಧ್ಯಾಹ್ನದ ಹೊತ್ತಿಗೆ ಮತ್ತೆ ಧೂಳು.

ಹೊರದೇಶದ ಟ್ರ್ಯಾಕ್‌ಗಳಲ್ಲಿ ಮಣ್ಣಿಗೆ ಮರದ ಪುಡಿ ಬೆರೆಸುತ್ತಾರೆ. ನಮ್ಮ ಕಡೆ ತಿಪಟೂರು, ಅರಸೀಕೆರೆ ಸುತ್ತ ನಾರಿನ ಮಿಲ್‌ಗಳ ಮುಂದೆ ತೆಂಗಿನ ನಾರಿನ ಪುಡಿ ಗುಡ್ಡೆ ಗುಡ್ಡೆ ಬಿದ್ದಿರುತ್ತೆ. ಟ್ರ್ಯಾಕ್ಟರ್ ಲೋಡ್ ತರಿಸಿ ರೋಟಾವೇಟರ್ ಹೊಡೆಸಿದೆ. ಮೊದಲು ಎಲ್ಲಾ ಕಡೆ ಹಾಕಿದ್ದೆ, ಜಂಪ್ ಏರಿನಲ್ಲಿ ಮುಂದಿನ ಚಕ್ರ ಹೂತು ಹೋಗುತ್ತಿತ್ತು. ಅಲ್ಲಿಂದ ತೆಗೆಸಿ ಬರೀ ತಿರುವು, ಬರ್ಮ್‌ಗೆ ಉಳಿಸಿದೆ. ಅದ್ಭುತ ಕೆಲಸ ಮಾಡಿತು! ರಾತ್ರಿ ನೀರು ಬಿಟ್ಟರೆ ಮಾರನೇ ದಿನ ಸಂಜೆವರೆಗೂ ಮಣ್ಣಿನಲ್ಲಿ ತೇವ ಇರುತ್ತೆ, ಚಕ್ರದ ಜಾಡು ಚೆನ್ನಾಗಿ ಕೂರುತ್ತೆ. ಟ್ಯಾಂಕರ್ ಖರ್ಚು ಅರ್ಧಕ್ಕೆ ಇಳಿಯಿತು. ಇದಕ್ಕೂ ರೇಸ್ ರಿಸಲ್ಟ್‌ಗೂ ನೇರ ಸಂಬಂಧ ಇಲ್ಲ, ಆದರೂ ಆ ಪ್ರಯೋಗ ನನಗೆ ತುಂಬಾ ಖುಷಿ ಕೊಟ್ಟಿದೆ. ಕೆರೆ ಗೋಡು ಬೆರೆಸಿಯೂ ನೋಡಿದೆ. ಮಳೆ ಬಂದರೆ ಟೈರ್‌ಗೆ ಮೆತ್ತಿಕೊಂಡು ಬಿಡೋದೇ ಇಲ್ಲ, ಬೇಡ.

ದೇಹದ ವಿಷಯ ಚಿಕ್ಕದಾಗಿ. ರೇಸ್‌ನಲ್ಲಿ ನಾಡಿ ಬಡಿತ 180ರ ಮೇಲೆ ಹೋಗಿ ಅಲ್ಲೇ ನಿಲ್ಲುತ್ತೆ. ಜಿಮ್‌ನಲ್ಲಿ ತೋಳು ಊದಿಸಿಕೊಂಡವರಿಗೆ ಮುಂಗೈ ಇನ್ನೂ ಬೇಗ ಬಿಗಿಯುತ್ತೆ, ನೋಡಿದ್ದೇನೆ. ನಾನು ಬೆಳಿಗ್ಗೆ ಸೈಕಲ್, ಸಂಜೆ ಹಗ್ಗ, ಮಧ್ಯೆ ತೋಟದ ಕೆಲಸ. ಮೊಣಕಾಲಲ್ಲಿ ಟ್ಯಾಂಕ್ ಹಿಡಿಯೋದು ಅಭ್ಯಾಸ ಆದ ಮೇಲೆ ಕೈಗೆ ಕೆಲಸವೇ ಕಡಿಮೆಯಾಯಿತು. ಮಧ್ಯದಲ್ಲಿ ಒಮ್ಮೆ ಪ್ರಾಕ್ಟೀಸ್‌ನಲ್ಲಿ ಬಿದ್ದು ಕಾಲರ್ ಬೋನ್ ಮುರಿಯಿತು. ಪ್ಲೇಟ್ ಹಾಕಿಸಿದ್ದಕ್ಕೆ ಒಂದು ಲಕ್ಷದ ಹತ್ತಿರ ಹೋಯಿತು. ಸಾಮಾನ್ಯ ಅಪಘಾತ ಪಾಲಿಸಿಗಳಲ್ಲಿ ರೇಸಿಂಗ್ ಹೊರಗೆ ಇಟ್ಟಿರುತ್ತಾರೆ. ಪಾಲಿಸಿಯ ಸಣ್ಣ ಅಕ್ಷರ ಈಗಲೇ ಓದಿಕೊಳ್ಳಿ. ಮೂಳೆ ಕೂಡುವವರೆಗಿನ ಮೂರು ತಿಂಗಳಲ್ಲಿ ಮನೆಯಲ್ಲಿ ನಡೆದ ಮಾತು ನಿಮಗೂ ಗೊತ್ತಿರುತ್ತೆ.

ಇದು ಜೀವನಕ್ಕೆ ಆಗುತ್ತಾ ಅಂತ ಹುಡುಗರು ಕೇಳುತ್ತಾರೆ. ನಮ್ಮ ದೇಶದಲ್ಲಿ ಡರ್ಟ್‌ನಲ್ಲಿ ಸಂಬಳ ಬರೋದು ಬೈಕ್ ಕಂಪನಿಗಳ ಫ್ಯಾಕ್ಟರಿ ಟೀಮ್ ಸೇರಿದರೆ, ಅದೂ ಹೆಚ್ಚಾಗಿ ರ‍್ಯಾಲಿ ಕಡೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ (ದಿನಗಟ್ಟಲೆ ನಡೆಯುವ ದೊಡ್ಡ ಅಂತರರಾಷ್ಟ್ರೀಯ ರ‍್ಯಾಲಿ) ಮುಗಿಸಿ 36ನೇ ಸ್ಥಾನ ತೆಗೆದುಕೊಂಡಾಗ ನಮಗೆಲ್ಲಾ ಆ ದಾರಿ ಕಂಡಿತು. ಉಡುಪಿಯ ಕೆ.ಪಿ. ಅರವಿಂದ್‌ರನ್ನು ಜನ ಬಿಗ್ ಬಾಸ್‌ನಿಂದ ಗುರುತಿಸುತ್ತಾರೆ, ನಮಗೆ ಅವರು 2019ರ ಡಕಾರ್ ಮುಗಿಸಿದ ರೈಡರ್. ಕೇರಳದ ಹರಿತ್ ನೋವಾ ಸೂಪರ್‌ಕ್ರಾಸ್‌ನಿಂದಲೇ ಬಂದು 2024ರ ಡಕಾರ್‌ನಲ್ಲಿ ರ‍್ಯಾಲಿ 2 ಕ್ಲಾಸ್ (ಬೈಕ್‌ಗಳ ಎರಡನೇ ಹಂತದ ವಿಭಾಗ) ಗೆದ್ದರು. ಆ ಸೀಟುಗಳು ಬೆರಳೆಣಿಕೆ. ಉಳಿದವರು ದುಡ್ಡನ್ನು ಬೇರೆ ಕಡೆಯಿಂದ ತರಬೇಕು.

ನಾನು ತಂದದ್ದು ಎರಡು ಕಡೆಯಿಂದ. ಒಂದು, ಬೆಂಗಳೂರಿನಿಂದ ವಾರಾಂತ್ಯಕ್ಕೆ ಹಿಮಾಲಯನ್, ಎಕ್ಸ್‌ಪಲ್ಸ್ ತಗೊಂಡು ಬರುವವರಿಗೆ ಆಫ್‌ರೋಡ್ ಕಲಿಸೋದು. ದಿನಕ್ಕೆ ತಲೆಗೆ ಒಂದೂವರೆ ಸಾವಿರ, ಊಟ ಅತ್ತೆ ಮನೆಯಲ್ಲಿ. ಅಕ್ಟೋಬರ್‌ನಿಂದ ಮೇವರೆಗೆ ತಿಂಗಳಿಗೆ ಇಪ್ಪತ್ತೈದು ಮೂವತ್ತು ಸಾವಿರ ಉಳಿಯುತ್ತೆ, ಮಳೆಗಾಲದಲ್ಲಿ ಹೆಚ್ಚುಕಮ್ಮಿ ಸೊನ್ನೆ. ಎರಡನೆಯದು ಫೋರ್ಕ್, ಶಾಕ್ ಸೆಟ್ಟಿಂಗ್. ರಿಸಲ್ಟ್ ಬಂದ ಮೇಲೆ ನನ್ನನ್ನು ನೋಡಿ ನಕ್ಕವರೇ ಫೋರ್ಕ್ ಬಿಚ್ಚಿಕೊಂಡು ಬಂದರು. ಜೊತೆಗೆ ಗ್ಯಾರೇಜ್ ಅಣ್ಣನೂ! ಅವರ ಮಗನ ಗಾಡಿಗೆ ನಾನೇ ಮಾಡಿಕೊಟ್ಟೆ, ದುಡ್ಡು ತೆಗೆದುಕೊಂಡಿಲ್ಲ. ಸೀಸನ್ ಪೂರ್ತಿ ಖರ್ಚು, ಆಸ್ಪತ್ರೆ ಬಿಟ್ಟು, ಗಾಡಿ ಸೇರಿ ಮೂರೂವರೆ ಲಕ್ಷದ ಸುತ್ತ. ಇಂಜಿನ್‌ಗೆ ಹೋದದ್ದು ಆಯಿಲ್, ಫಿಲ್ಟರ್, ಒಂದು ಕ್ಲಚ್ ಸೆಟ್.

ಈ ಸಲ ಎರಡು ರೌಂಡ್‌ಗೆ ಬಾಡಿಗೆಗೆ 250 ಸಿ.ಸಿ. ವಿದೇಶಿ ಗಾಡಿ ತಗೊಂಡು ಫಾರಿನ್ ಕ್ಲಾಸ್ ಆಡಬೇಕು ಅಂತಿದ್ದೇನೆ. ಹೊಸದು ಕೊಳ್ಳೋಕೆ ಏಳೆಂಟು ಲಕ್ಷ ಬೇಕು, ಆ ಮೇಲೆ ಗಂಟೆ ಲೆಕ್ಕದಲ್ಲಿ ಪಿಸ್ಟನ್ ಬದಲಾಯಿಸುತ್ತಾ ಇರಬೇಕು. ಬಾಡಿಗೆ ಗಾಡಿಯಾದರೂ ಸ್ಪ್ರಿಂಗ್ ನನ್ನದೇ ಹಾಕಿಕೊಳ್ಳುತ್ತೇನೆ, ಮಾಲೀಕರ ಹತ್ತಿರ ಈಗಲೇ ಮಾತಾಡಿದ್ದೇನೆ. ಎಕ್ಸ್‌ಪಲ್ಸ್ ಮಾರುವುದಿಲ್ಲ. ಫೋರ್ಕ್ ಕೆಲಸ ಇರುವವರು ಮಳೆ ಹಿಡಿಯೋಕೆ ಮುಂಚೆ ಬನ್ನಿ, ಬರುವಾಗ ನಿಮ್ಮ ಗಾಡಿಯನ್ನು ಮುಂದೆ ಹಿಂದೆ ಬೇರೆ ಬೇರೆ ತೂಗಿಸಿಕೊಂಡು ಬನ್ನಿ.