ಸೋಲಿಗೆ ಮೊದಲೇ ಬರೆದಿಡುವುದು: ನನ್ನ ಅನುಭವ

ತಂತ್ರಾಂಶ ವ್ಯವಸ್ಥೆಗಳ ನಿರ್ವಹಣೆ ನನ್ನ ವೃತ್ತಿ. ವ್ಯವಸ್ಥೆಯಲ್ಲಿ ದೊಡ್ಡ ಬದಲಾವಣೆಯೊಂದನ್ನು ಮಾಡುವ ಮುನ್ನ, ಅದರಿಂದ ಏನಾಗುತ್ತದೆಂದು ನಂಬಿದ್ದೇನೆ, ಆ ನಂಬಿಕೆ ಎಷ್ಟು ಗಟ್ಟಿ, ಯಾವುದನ್ನು ಪರೀಕ್ಷಿಸದೆ ಬಿಟ್ಟಿದ್ದೇನೆ ಎಂಬುದನ್ನು ದಿನಾಂಕದೊಂದಿಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಸೋಲಿನಿಂದ ನಾನು ಕಲಿತದ್ದರಲ್ಲಿ ಬಹುಪಾಲು, ಸೋಲುವುದಕ್ಕೆ ಮೊದಲು ಬರೆದ ಈ ಸಾಲುಗಳಿಂದಲೇ ಬಂದದ್ದು.

ಹಳೆಯ ಡೇಟಾಬೇಸಿನಿಂದ ಹೊಸದಕ್ಕೆ ಗ್ರಾಹಕರ ದಾಖಲೆಗಳನ್ನು ಸಾಗಿಸುವ ನಮ್ಮ ತಂಡದ ಕೆಲಸವೊಂದು ಅರ್ಧದಲ್ಲೇ ನಿಂತು, ಎಲ್ಲವನ್ನೂ ಬ್ಯಾಕಪ್‌ನಿಂದ ಮರಳಿ ತರಬೇಕಾಯಿತು. ಹಾಗೆ ತರಲು ನಾವು ಎಣಿಸಿದ್ದಕ್ಕಿಂತ ಬಹಳ ಹೆಚ್ಚು ಹೊತ್ತು ಹಿಡಿಯಿತು. ಮರುದಿನದ ಸಭೆಯಲ್ಲಿ ಹೆಚ್ಚಿನವರು, ಹಳೆಯ ದಾಖಲೆಗಳ ದಿನಾಂಕಗಳು ತೊಂದರೆ ಕೊಡುತ್ತವೆಂಬ ಅನುಮಾನ ತಮಗೆ ಮೊದಲೇ ಇತ್ತೆಂದರು. ನನಗೂ ಹಾಗೆಯೇ ಅನಿಸಿತ್ತು. ಆದರೆ ನೋಟ್‌ಬುಕ್ಕಿನಲ್ಲಿ ದಿನಾಂಕಗಳ ಪ್ರಸ್ತಾಪವೇ ಇರಲಿಲ್ಲ; ನಾನು ಅಂಜಿದ್ದು ದತ್ತಾಂಶದ ಗಾತ್ರಕ್ಕೆ. ಬ್ಯಾಕಪ್‌ನಿಂದ ಪೂರ್ಣ ಪ್ರಮಾಣದಲ್ಲಿ ಮರಳಿ ತಂದು ನೋಡಿಲ್ಲ ಎಂಬ ಸಾಲು ಮಾತ್ರ ಅಲ್ಲಿತ್ತು, ಮತ್ತು ಅದು ಯಾರ ನೆನಪಿನಲ್ಲೂ ಉಳಿದಿರಲಿಲ್ಲ.

ನೆನಪಿನ ಈ ಗುಣವನ್ನು ಮನೋವಿಜ್ಞಾನಿಗಳು ಪರೀಕ್ಷಿಸಿದ್ದಾರೆ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾ ಮತ್ತು ಸೋವಿಯತ್ ಒಕ್ಕೂಟಕ್ಕೆ ಭೇಟಿ ಕೊಡುವ ಮುನ್ನ, ಆ ಭೇಟಿಗಳಲ್ಲಿ ಏನೇನು ನಡೆಯಬಹುದೆಂಬ ಅಂದಾಜನ್ನು ವಿದ್ಯಾರ್ಥಿಗಳಿಂದ ಪಡೆದು, ಭೇಟಿಗಳು ಮುಗಿದ ಮೇಲೆ ತಮ್ಮ ಅಂದಾಜನ್ನು ನೆನಪಿಸಿಕೊಳ್ಳುವಂತೆ ಅವರನ್ನೇ ಕೇಳಲಾಯಿತು. ಬರುಕ್ ಫಿಶ್‌ಹಾಫ್ ಮತ್ತು ರೂತ್ ಬೇತ್ 1975ರಲ್ಲಿ ಪ್ರಕಟಿಸಿದಂತೆ, ನಿಜವಾಗಿ ನಡೆದವೆಂದು ನಂಬಿದ ಘಟನೆಗಳಿಗೆ ತಾವು ಮೊದಲೇ ಹೆಚ್ಚಿನ ಸಾಧ್ಯತೆ ಕೊಟ್ಟಿದ್ದೆವೆಂದು ವಿದ್ಯಾರ್ಥಿಗಳು ನೆನಪಿಸಿಕೊಳ್ಳುವ ಪ್ರವೃತ್ತಿ ಕಂಡುಬಂದಿತ್ತು. ಎಲ್ಲವೂ ಮೊದಲೇ ಗೊತ್ತಿತ್ತೆಂದು ನಂಬಿದವನಿಗೆ ಕಲಿಯಲು ಏನು ಉಳಿದೀತು?

ಆದ್ದರಿಂದ ಕೆಲಸ ಕೆಟ್ಟಾಗ ಕಾರಣ ಹುಡುಕಲು ನಾನು ಅವಸರಪಡುವುದಿಲ್ಲ. ಮೊದಲು ಸರ್ವರ್‌ನ ಲಾಗ್‌ಗಳನ್ನೂ (ಯಾವಾಗ ಏನು ನಡೆಯಿತೆಂದು ಯಂತ್ರವೇ ಬರೆದಿಡುವ ದಾಖಲೆಗಳು) ಆ ಹೊತ್ತಿನ ಸಂದೇಶಗಳನ್ನೂ ಮುಂದಿಟ್ಟುಕೊಂಡು, ಯಾವಾಗ ಏನಾಯಿತು, ಆಗ ಯಾರಿಗೆ ಏನು ತಿಳಿದಿತ್ತು ಎಂಬುದನ್ನಷ್ಟೇ ಕ್ರಮವಾಗಿ ಬರೆಯುತ್ತೇನೆ. ಯಾರ ತಪ್ಪು ಎಂಬ ಪ್ರಶ್ನೆಯನ್ನು ಹೊರಗಿಡುವುದು ಬರೀ ಸೌಜನ್ಯವಲ್ಲ. ವಿಮಾನ ಅಪಘಾತಗಳ ತನಿಖೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ನಿಯಮಗಳು, ತನಿಖೆಯ ಏಕೈಕ ಗುರಿ ಮುಂದಿನ ಅಪಘಾತವನ್ನು ತಡೆಯುವುದೇ ಹೊರತು ತಪ್ಪು ಹೊರಿಸುವುದಲ್ಲ ಎಂದು ಸ್ಪಷ್ಟವಾಗಿ ಹೇಳುತ್ತವೆ. ಶಿಕ್ಷೆಗೆ ಹೆದರಿದವರು ಕಂಡದ್ದನ್ನು ಹೇಳುವುದಿಲ್ಲವಾದ್ದರಿಂದ ಆ ನಿಯಮ ನನಗೆ ತೀರಾ ವ್ಯಾವಹಾರಿಕವಾಗಿ ಕಾಣುತ್ತದೆ.

ಕಾರಣ ಸಿಕ್ಕಿದ ಮೇಲೆ ಅದೊಂದನ್ನೇ ಸರಿಪಡಿಸಿ ಸುಮ್ಮನಾಗುವುದು ಸುಲಭ. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಅಪ್ಪಳಿಸಿದ ಬಳಿಕ ಇಸ್ರೋ ಅಷ್ಟಕ್ಕೇ ನಿಲ್ಲಲಿಲ್ಲ. ಎಂಜಿನ್‌ಗಳ ನೂಕುಬಲ ನಿರೀಕ್ಷೆಗಿಂತ ಹೆಚ್ಚಿದ್ದುದರಿಂದ ಹುಟ್ಟಿದ ವ್ಯತ್ಯಾಸಗಳು ಬೆಳೆಯುತ್ತಾ ಹೋಗಿದ್ದವು, ಇಳಿಯಬೇಕಾದ ಜಾಗವೂ ಕೇವಲ 500 ಮೀಟರ್ ಉದ್ದ, 500 ಮೀಟರ್ ಅಗಲದ್ದಾಗಿತ್ತು. ಮುಂದಿನ ಲ್ಯಾಂಡರ್‌ಗೆ ಆ ಜಾಗವನ್ನು 4 ಕಿ.ಮೀ. ಉದ್ದ, 2.5 ಕಿ.ಮೀ. ಅಗಲಕ್ಕೆ ಹಿಗ್ಗಿಸಿ, ಕಾಲುಗಳನ್ನು ಬಲಪಡಿಸಿ, ಹೆಚ್ಚು ಇಂಧನ ತುಂಬಿ, ಇನ್ನೂ ಏನೇನು ಕೈಕೊಡಬಹುದು ಎಂಬ ಪ್ರಶ್ನೆಯಿಂದಲೇ ವಿನ್ಯಾಸವನ್ನು ರೂಪಿಸಲಾಯಿತು. 2023ರ ಆಗಸ್ಟ್ 23ರಂದು ಅದು ಇಳಿಯಿತು. ನಮ್ಮ ಕೆಲಸ ಅದರ ಮುಂದೆ ಬಹಳ ಸಣ್ಣದು, ಆದರೂ ದಿನಾಂಕಗಳನ್ನು ಸರಿಪಡಿಸಿದ್ದರ ಜೊತೆಗೆ, ಸಾಗಣೆಯನ್ನು ಯಾವ ಹಂತದಲ್ಲಿ ಬೇಕಾದರೂ ನಿಲ್ಲಿಸಿ ಹಿಂದಕ್ಕೆ ಬರುವಂತೆ ಸಣ್ಣ ಕಂತುಗಳಾಗಿ ಒಡೆದೆವು ಮತ್ತು ಬ್ಯಾಕಪ್‌ನಿಂದ ಮರಳಿ ತರುವುದನ್ನು ನಿಯತವಾಗಿ ಮಾಡಿ ನೋಡತೊಡಗಿದೆವು. ಎರಡನೆಯ ಸಲ ಕೆಲಸ ಮುಗಿಯಿತು.

ಎಲ್ಲ ಸೋಲುಗಳೂ ಹೀಗೆ ಕಾರಣ ಬಿಟ್ಟುಕೊಡುವುದಿಲ್ಲ. ಲಾಗ್‌ಗಳು ಮೌನವಾಗಿದ್ದರೆ, ಊಹೆಯನ್ನು ಪಾಠವೆಂದು ಬರೆಯುವ ಬದಲು ಕಾರಣ ತಿಳಿದಿಲ್ಲವೆಂದೇ ಬರೆದು, ಅಂಥದ್ದೇ ಮತ್ತೆ ನಡೆದರೆ ಸುಳಿವು ಸಿಗುವಂತೆ ಆ ಜಾಗದಲ್ಲಿ ಹೆಚ್ಚಿನ ಲಾಗ್‌ಗಳನ್ನು ಇರಿಸುತ್ತೇನೆ.