ಹಳೆಯ ಪೇಟೆಗೆ ದೀಪ: ಮೊದಲು ಕತ್ತಲೆಯ ನಕ್ಷೆ ಬರೆಯಿರಿ

ಭಾನುವಾರ ಸಂಜೆ ಮೈಸೂರು ಅರಮನೆಯ ಸುಮಾರು 97 ಸಾವಿರ ಬಲ್ಬುಗಳು ಒಮ್ಮೆಲೇ ಹೊತ್ತಿಕೊಂಡಾಗ ಕಣ್ಣಿಗೆ ಬೀಳುವುದು ಗುಮ್ಮಟ, ಕಮಾನು, ಗೋಪುರಗಳ ಅಂಚು. ಬಲ್ಬಿನ ಸಾಲುಗಳ ನಡುವೆ ಉಳಿದ ಕತ್ತಲೆಯೇ ಆ ಗೆರೆಗಳನ್ನು ಎತ್ತಿ ತೋರಿಸುತ್ತದೆ. ಸುತ್ತಲಿನ ಪೇಟೆಗೆ ದೀಪ ಹಾಕಿಸಲು ಹೊರಟವರು ಈ ಜಿಪುಣತನವನ್ನು ಕಲಿತರೆ ಸಾಕು.

ಮೊದಲು ರಾತ್ರಿ ಎರಡು ಬಾರಿ ನಡೆಯಿರಿ: ಅಂಗಡಿಗಳು ತೆರೆದಿರುವಾಗ ಒಮ್ಮೆ, ಷಟರ್ ಇಳಿದ ಮೇಲೆ ಇನ್ನೊಮ್ಮೆ. ದೇವರಾಜ ಮಾರುಕಟ್ಟೆಯ ಎದುರು, ಚಿಕ್ಕ ಗಡಿಯಾರ ಗೋಪುರದ ಬಳಿ, ಎರಡೂ ಹೊತ್ತಿಗೆ ಬೇರೆ ಬೇರೆ ಊರೇ ಕಾಣುತ್ತದೆ. ಕಾಲು ಎಡವುವ ಮೆಟ್ಟಿಲು, ಮರದ ನೆರಳು, ಕಣ್ಣು ಕುಕ್ಕುವ ಫಲಕಗಳನ್ನು ನಕ್ಷೆಯಲ್ಲಿ ಗುರುತಿಸಿ.

ಬಳಿಕ ಒಂದು ನೋಟಕ್ಕೆ ಒಬ್ಬನೇ ನಾಯಕ ಎಂದು ತೀರ್ಮಾನಿಸಿ. 1927ರ ದೊಡ್ಡ ಗಡಿಯಾರ ಗೋಪುರವನ್ನು ಬೆಳಗಿಸುವುದಾದರೆ ಪಕ್ಕದ ಕಟ್ಟಡಗಳ ಬೆಳಕು ತಗ್ಗಬೇಕು.

ಬಣ್ಣದ ವಿಷಯದಲ್ಲಿ ನನ್ನದು ಹಟ: 2,700ರಿಂದ 3,000 ಕೆಲ್ವಿನ್, ಅದಕ್ಕಿಂತ ಮೇಲೆ ಬೇಡ. ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ; ಅಂಕಿ ಏರಿದಷ್ಟೂ ಬೆಳಕು ಹಳದಿಯಿಂದ ನೀಲಿ ಬಿಳಿಯತ್ತ ಸರಿಯುತ್ತದೆ. 6,500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಬಿದ್ದರೆ ಹಳದಿ ಸುಣ್ಣದ ಗೋಡೆ ಆಸ್ಪತ್ರೆಯ ವಾರ್ಡಿನಂತೆ ಕಾಣುತ್ತದೆ. ಹುಳುಗಳೂ ಹೆಚ್ಚು ಮುತ್ತುತ್ತವೆ. ನಿಮಿಷಕ್ಕೊಂದು ಬಣ್ಣ ಬದಲಿಸುವ ದೀಪಗಳನ್ನು ಮದುವೆ ಮಂಟಪಕ್ಕೆ ಬಿಟ್ಟುಬಿಡಿ.

ಹೆಚ್ಚು ಹಾನಿಯಾಗುವುದು ಜೋಡಣೆಯಲ್ಲಿ. ಕಲ್ಲಿಗೂ ಕೆತ್ತನೆಗೂ ಡ್ರಿಲ್ ತಾಗಿಸಬೇಡಿ. ಗಾರೆಗೆ ಮಾಡಿದ ತೂತನ್ನು ಮುಚ್ಚಬಹುದು, ಒಡೆದ ಕಲ್ಲು ಕೂಡುವುದಿಲ್ಲ. ಸಾಧ್ಯವಾದಲ್ಲೆಲ್ಲ ದೀಪವನ್ನು ನೆಲದಲ್ಲೋ ಪಕ್ಕದ ಕಂಬದಲ್ಲೋ ಇರಿಸಿ. ಗೋಡೆಗೆ ತೀರಾ ಹತ್ತಿರವಿಟ್ಟು ಬೆಳಕನ್ನು ಮೇಲಕ್ಕೆ ಹಾಯಿಸಿದರೆ ಕೆತ್ತನೆ ಎದ್ದು ಕಾಣುತ್ತದೆ ನಿಜ; ಹಳೆಯ ತೇಪೆ, ಬಿರುಕುಗಳೂ ಅಷ್ಟೇ ಎದ್ದು ಕಾಣುತ್ತವೆ. ಪ್ರತಿ ದೀಪಕ್ಕೂ ಮರೆ ಇರಲಿ, ಬೆಳಕು ಆಕಾಶಕ್ಕೋ ಎದುರುಮನೆಯ ಮಲಗುವ ಕೋಣೆಗೋ ಹೋಗದಿರಲಿ. ಮಳೆಗೆ ಮೈಯೊಡ್ಡುವ ದೀಪಕ್ಕೆ ಕನಿಷ್ಠ ಐಪಿ 65 ದರ್ಜೆ, ಅಂದರೆ ದೂಳೂ ನೀರಿನ ಎರಚಲೂ ಒಳಹೋಗದ ರಕ್ಷಣೆ, ಬೇಕು. ಸಂರಕ್ಷಿತ ಸ್ಮಾರಕವಾದರೆ ಪುರಾತತ್ವ ಇಲಾಖೆಯ ಅನುಮತಿ ಮೊದಲು, ಏಣಿ ಆಮೇಲೆ.

ಟೆಂಡರ್ ಕರೆಯುವ ಮುನ್ನ ಬಾಡಿಗೆ ದೀಪಗಳನ್ನಿಟ್ಟು ಒಂದು ರಾತ್ರಿ ಪ್ರಯೋಗ ಮಾಡಿ. ಬೀದಿಯ ನಿವಾಸಿಗಳನ್ನೂ ಹೂವಿನ ವ್ಯಾಪಾರಿಗಳನ್ನೂ ನಿಲ್ಲಿಸಿ ತೋರಿಸಿ. ಹನ್ನೊಂದರ ನಂತರ ಕಟ್ಟಡಗಳ ದೀಪ ಆರಿ, ನಡೆದಾಡುವವರ ದೀಪ ಮಾತ್ರ ಉಳಿಯುವಂತೆ ಟೈಮರ್ ಹೊಂದಿಸಿ. ಕೆಟ್ಟ ದೀಪವನ್ನು ಬದಲಿಸುವ ಲೈನ್‌ಮನ್‌ನನ್ನೂ ಅದೇ ರಾತ್ರಿ ಕರೆಯಿರಿ. ಅವನ ಏಣಿ ಎಟುಕದ ಜಾಗವನ್ನು ನಕ್ಷೆಯಿಂದ ಅಳಿಸಿಹಾಕಿ.